ಒಂದೇ ಸಮ ಚಿಹ್ನೆ

ಹಡಗಿನಲ್ಲಿರುವ ಯಜಮಾನರಿಗೆ,

ಮಗಳ ಹತ್ತಿರ ಪ್ರೋಗ್ರಾಮಿಂಗ್ ಕಲಿಯುತ್ತಿದ್ದೇನೆ. ಬಾಗಿಲ ಕ್ಯಾಮೆರಾಕ್ಕೆ ನಾನೇ ಒಂದು ಪ್ರೋಗ್ರಾಂ ಬರೆದೆ: ಬಂದವರು ನೀವಾದರೆ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿರುವ ನಿಮ್ಮ ಸೀಟಿ ಕೇಳಿಸಬೇಕು, ಬೇರೆಯವರಾದರೆ ಬರಿಯ ಗಂಟೆ. ಸೀಟಿ ಕೇಳಿಸಿತು, ಒದ್ದೆಗೈಯಲ್ಲೇ ಓಡಿದೆ. ಕೊರಿಯರ್‌ನವನು ನಿಂತಿದ್ದ. ಆಮೇಲೆ ಬಂದ ಪಕ್ಕದ ಮನೆಯ ಅಜ್ಜಿಗೂ ಅದೇ ಸೀಟಿ.

ಮಗಳು ಬಿದ್ದು ಬಿದ್ದು ನಕ್ಕಳು. "ಅಯ್ಯೋ ಅಮ್ಮಾ, ಸಮ ಚಿಹ್ನೆ ಒಂದೇ ಹಾಕಿದೀಯ! ಎರಡು ಹಾಕಿದ್ರೆ 'ಇವರು ಅಪ್ಪನಾ?' ಅಂತ ಕೇಳಿದ ಹಾಗೆ. ಒಂದು ಹಾಕಿದ್ರೆ 'ಇವರೇ ಅಪ್ಪ' ಅಂತ ಹೇಳಿಬಿಟ್ಟ ಹಾಗೆ. ಪಾಪ, ಅಜ್ಜೀನೂ ಅಪ್ಪ ಆಗೋದ್ರು!"

ಇನ್ನೊಂದು ಚಿಹ್ನೆ ಸೇರಿಸಿದರೆ ಸರಿಹೋಗುತ್ತದೆ. ನಾಳೆ ಸೇರಿಸುತ್ತೇನೆ ಎಂದು ಹೇಳಿ ವಾರವಾಯಿತು. ನೀವು ಬರುವ ದಿನವನ್ನು ಬರೆದು ತಿಳಿಸಿ. ಅದರ ಹಿಂದಿನ ದಿನ ತಿದ್ದಿಬಿಡುತ್ತೇನೆ.

ನಿಮ್ಮವಳು