ಚೌಕಕ್ಕೆ ಮಡಿಸಿದ ಕಂಬಳಿ

೧೧ ಏಪ್ರಿಲ್ ೧೯೨೧
ಕಾರ್ಕ್ ಸೀಮೆಯ ಒಂದು ಹುಲ್ಲು ಬಣವೆಯ ಹಿಂದಿನಿಂದ

ಪ್ರೀತಿಯ ನೋನಿ ಅಕ್ಕನಿಗೆ,

ಐರ್ಲೆಂಡಿನ ಬಂಡುಕೋರ ಸೈನ್ಯದ ಸರ್ವಶ್ರೇಷ್ಠ ಸೋಮಾರಿಯಾದ ನಿನ್ನ ತಮ್ಮ ಡಿನ್ನಿಯ ವಂದನೆಗಳು. ಬರೆಯುವುದು ಒಂಬತ್ತು ದಿನ ತಡವಾಯಿತು, ಬೈಯಬೇಡ. ಮೂರು ಸಲ ಬರೆದು ಮೂರು ಸಲವೂ ಒಲೆಗೆ ಹಾಕಿದೆ. ಜೂನ್‌ನಲ್ಲಿ ನಿನ್ನ ಕೈ ಹಿಡಿಯಬೇಕಾದ ಮಾರ್ಟಿನ್ ಸೆರೆಸಿಕ್ಕ ಸುದ್ದಿ ನಿನಗೆ ನಗರದಲ್ಲಿ ಮುಟ್ಟಿರುತ್ತದೆ. ಗುರುವಾರ ಸೇನಾ ನ್ಯಾಯಾಲಯ. ಅಲ್ಲಿಗೆ ಹೋದವರು ಮನೆಗೆ ಬಂದದ್ದಿಲ್ಲ, ನಿನಗೂ ಗೊತ್ತು. ಹೇಗಾಯಿತು ಎಂಬುದನ್ನಾದರೂ ನಾನು ಹೇಳಬೇಕು.

ಹನ್ನೊಂದು ವರ್ಷ ಇಂಗ್ಲೆಂಡಿನ ರಾಜನ ಸೈನ್ಯದಲ್ಲಿ ದುಡಿದ ಮಾರ್ಟಿನ್‌ರಂಥ ಮನುಷ್ಯ ನಮಗೆ ಕ್ಯಾಪ್ಟನ್ ಆದರೆ ಬಂದೂಕಿಗಿಂತ ಮೊದಲು ಕಂಬಳಿಯ ಪಾಠ ಬರುತ್ತದೆ. ಚೌಕಕ್ಕೆ ಮಡಿಸು, ಮೂಲೆಗೆ ಮೂಲೆ ಕೂಡಿಸು, ಬೆರಳಾಡಿಸಿದರೆ ಸುಕ್ಕು ಸಿಗಬಾರದು.

"ಕಂಬಳಿಗೆ ನಾಲ್ಕು ಮೂಲೆ ಇದೆ ಕಣೋ ಡಿನ್ನಿ. ನಿನ್ನ ಬುದ್ಧಿಗೆ ಒಂದಾದ್ರೂ ಇದ್ಯಾ?"

"ಇಲ್ಲ ಕ್ಯಾಪ್ಟನ್, ನಮ್ಮನೇಲಿ ಇದ್ದದ್ದನ್ನೆಲ್ಲ ಅಕ್ಕಾನೇ ತಗೊಂಡ್ಳು."

ನಗು ಮುಚ್ಚಲು ಮೀಸೆ ತಿರುವುತ್ತಿದ್ದರು.

ಆದರೆ ತಂಗಿದ ಮನೆಯಿಂದ ಹೊರಡುವಾಗ ಅದೇ ಕಂಬಳಿಯನ್ನು ತಾವೇ ಕೆದರಿ ಮುದ್ದೆ ಮಾಡುತ್ತಿದ್ದರು, ಹಲ್ಲುನೋವು ಬಂದವರ ಹಾಗೆ ಮುಖ ಹಿಂಡಿಕೊಂಡು. ಸಿಪಾಯಿ ಮಲಗಿದ್ದ ಗುರುತು ಇಂಗ್ಲಿಷರಿಗೆ ಸಿಕ್ಕರೆ ಆ ಮನೆಯವರ ಗತಿ ಮುಗಿಯಿತು.

ಆ ಶನಿವಾರ ಬೆಳಿಗ್ಗೆ ಮಾರ್ಟಿನ್ ಮತ್ತು ನಾನು ವಿಧವೆ ಪೆಗ್ ಕ್ರೌಲಿಯ ಮನೆಯಲ್ಲಿ ಗಂಜಿ ಕುಡಿಯುತ್ತಿದ್ದೆವು. ಇಂಗ್ಲಿಷ್ ಸೈನ್ಯದ ಲಾರಿಗಳ ಸದ್ದು ಕೇಳಿತು. ನಾವಿಬ್ಬರೂ ಹಿತ್ತಲಿನ ಮುಳ್ಳುಪೊದೆಗೆ ನುಗ್ಗಿದೆವು. ಅಲ್ಲಿಂದ ಅಂಗಳ ಕಾಣುತ್ತಿತ್ತು, ಮಾತೂ ಕೇಳುತ್ತಿತ್ತು. ಒಬ್ಬ ಸಾರ್ಜೆಂಟ್ ಅಟ್ಟದಿಂದ ಇಳಿದು ಬಂದ, ಎರಡೂ ಕೈಯಲ್ಲಿ ನೈವೇದ್ಯದಂತೆ ಒಂದು ಕಂಬಳಿ. ಅಚ್ಚುಕಟ್ಟಾದ ಚೌಕ.

"ನಮ್ಮ ಬ್ಯಾರಕ್‌ನಲ್ಲಿ ಹೀಗೆ ಮಡಿಸ್ತಾರೆ. ಇಲ್ಲಿ ಮಡಿಸಿದ್ದು ಯಾರಮ್ಮಾ?"

"ನಾನೇ. ನನ್ನ ಕಂಬಳಿ ಮಡಿಸೋಕೆ ನಿಮ್ಮ ರಾಜನ ಅಪ್ಪಣೆ ಬೇಕಾ?" ಎಂದಳು ಪೆಗ್.

"ಹಾಗಾದ್ರೆ ಇನ್ನೊಂದ್ಸಲ ಮಡಿಸು, ನೋಡೋಣ."

ಮಡಿಸಿದಳು. ಒಂದು ಮೂಲೆ ಪೂರ್ವಕ್ಕೆ ಹೋಯಿತು, ಇನ್ನೊಂದು ಪಶ್ಚಿಮಕ್ಕೆ. ಸಾರ್ಜೆಂಟ್ ನಗಲಿಲ್ಲ. ಅವಳ ಮಗ ಬ್ಯಾಟ್‌ನನ್ನು ಗೋಡೆಗೆ ನಿಲ್ಲಿಸಿ, ಮಲಗಿದ್ದವನ ಹೆಸರು ಹೇಳು ಎಂದು ನಿಧಾನವಾಗಿ ಹತ್ತರವರೆಗೆ ಎಣಿಸತೊಡಗಿದ.

ಮೂರು ಎನ್ನುವಾಗ ಮಾರ್ಟಿನ್ ಪಿಸ್ತೂಲನ್ನು ನನ್ನ ಕೈಗಿಟ್ಟರು. "ಅಲುಗಾಡಿದ್ರೆ ಕಿವಿ ಕಿತ್ತುಬಿಡ್ತೀನಿ" ಎಂದರು. ಎಂಟು ಎನ್ನುವಾಗ ಕೈ ಮೇಲೆತ್ತಿ ಅಂಗಳದಲ್ಲಿ ನಿಂತಿದ್ದರು.

"ಅದು ನನ್ನ ಕೈಕೆಲಸ ಕಣಯ್ಯಾ ಸಾರ್ಜೆಂಟ್. ಹುಡುಗನ್ನ ಬಿಡು."

ಬಿಟ್ಟರು. ಬ್ಯಾಟ್ ಬದುಕಿದ್ದಾನೆ. ಪೆಗ್ ದಿನವೂ ನಿಮ್ಮಿಬ್ಬರ ಹೆಸರಲ್ಲಿ ಜಪಮಾಲೆ ಹಿಡಿಯುತ್ತಾಳೆ. ಬುಧವಾರ ನಿನ್ನನ್ನು ಜೈಲಿನೊಳಗೆ ಬಿಟ್ಟರೆ ಮಾರ್ಟಿನ್‌ಗೊಂದು ಒಗೆದ ಅಂಗಿ ಕೊಡು. ದೇವಮಾತೆ ನಿನ್ನನ್ನು ಕಾಯಲಿ.

ನಿನ್ನ ತಮ್ಮ,
ಡಿನ್ನಿ

ಮತ್ತೊಂದು ಮಾತು: ಆ ಬೆಳಿಗ್ಗೆಯೂ ಅವರು ಕಂಬಳಿ ಕೆದರಿಯೇ ಅಟ್ಟದಿಂದ ಇಳಿದಿದ್ದರು. ಅವರನ್ನು ಅಣಕಿಸಬೇಕೆಂದು ಅದನ್ನು ಮತ್ತೆ ಚೌಕಕ್ಕೆ ಮಡಿಸಿ, ಅದಕ್ಕೊಂದು ಸಲ್ಯೂಟ್ ಹೊಡೆದು ಇಳಿದವನು ನಾನು. ಪೊದೆಯಲ್ಲಿ ಅವರು ನನ್ನ ಮುಖ ನೋಡಿದರು. ತಿಳಿಯಿತು. ಬೈಯಲಿಲ್ಲ. "ನೋನಿಗೆ ಹೇಳ್ಬೇಡ ಕಣೋ" ಎಂದಷ್ಟೇ ಅಂದು ಎದ್ದರು. ಈ ಒಂದು ಆಜ್ಞೆ ನನ್ನಿಂದ ಪಾಲಿಸಲಾಗಲಿಲ್ಲ, ಅಕ್ಕ.