ಬಂದರಿನ ತಿರುವು

ಮಂಗಳವಾರ, ಜುಲೈ ೧೫

ಇವತ್ತೂ ಬೇಡ ಅನ್ನಲಿಲ್ಲ. ಮ್ಯಾನೇಜರ್ ಎಲ್ಲರೆದುರು ನನ್ನನ್ನು ಹೊಗಳಿ, ಚಪ್ಪಾಳೆ ತಟ್ಟಿಸಿ, ಕೆಲಸ ಬಿಟ್ಟುಹೋದ ಹೇಮಶ್ರೀಯ ಟೀಮನ್ನೂ ನನಗೇ ಕೊಟ್ಟರು. “ಥ್ಯಾಂಕ್ಸ್ ಸರ್” ಅಂದೆ. ಬಾಯಿಗೇನು ಬಡಿದಿತ್ತೋ.

ಮನೆಗೆ ಬಂದವಳೇ ಫೋನಿನಲ್ಲಿ ಕಾರ್ ರೇಸ್ ಗೇಮ್‌ಗೆ ಕೂತೆ. ಇಷ್ಟು ದಿನ ಸಿಕ್ಕ ಬಹುಮಾನವನ್ನೆಲ್ಲ ಎಂಜಿನ್‌ಗೇ ಸುರಿದಿದ್ದೇನೆ. ಕಾರು ಬಾಣದ ಹಾಗೆ ಹೋಗುತ್ತದೆ, ಬಂದರಿನ ತಿರುವಿನಲ್ಲಿ ಮಾತ್ರ ನಿಲ್ಲುವುದಿಲ್ಲ. ಪ್ರತಿ ಸಲ ಅದೇ ಗೋಡೆ.

ತಮ್ಮ ಶಿಶಿರ್ ತಿಪ್ಪಸಂದ್ರದಿಂದ ತಂದ ಚುರುಮುರಿ ತಿನ್ನುತ್ತಾ ನೋಡುತ್ತಿದ್ದ.

“ಅಕ್ಕಾ, ಮೊದ್ಲು ಒಳ್ಳೆ ಬ್ರೇಕ್ ಹಾಕ್ಸೇ.”

“ಆ ಬ್ರೇಕ್ ಸಿಗೋದೇ ಈ ರೇಸ್ ಗೆದ್ರೆ ಕಣೋ.”

“ಹಂಗಾದ್ರೆ ಹಳೇ ಎಂಜಿನ್ನೇ ಹಾಕು. ನಿಧಾನಕ್ಕೆ ಹೋಗು.”

ಎಷ್ಟು ಸಂಜೆಗಳ ಗಳಿಕೆ ಅದು! ಒಲ್ಲದ ಮನಸ್ಸಿನಿಂದಲೇ ಅದನ್ನು ಬಿಚ್ಚಿ ಹಳೆಯದನ್ನು ಹಾಕಿದೆ. ಮೊದಲ ಸಲ ತಿರುವು ದಾಟಿತು. ಎಲ್ಲರಿಗಿಂತ ಕೊನೆಗೆ ಗುರಿ ಮುಟ್ಟಿದೆ, ಆದರೂ ಎಷ್ಟು ಹಾಯೆನಿಸಿತು. ರೇಸ್ ಮುಗಿಸಿದ್ದಕ್ಕೇ ಒಂದು ಬಹುಮಾನದ ಪೆಟ್ಟಿಗೆ ಬಂತು. ತೆರೆದರೆ ಇನ್ನೂ ದೊಡ್ಡ ಎಂಜಿನ್.

ಶಿಶಿರ್ ಬಿದ್ದು ಬಿದ್ದು ನಕ್ಕ. ನನಗೆ ನಗು ಬರಲಿಲ್ಲ. ಬೇಡ ಅಂದುಕೊಳ್ಳುವಷ್ಟರಲ್ಲಿ ನನ್ನ ಬೆರಳು ಅದನ್ನು ಕಾರಿಗೆ ಕೂರಿಸಿ ಆಗಿತ್ತು.