ಎರಡನೇ ಪುಟ

ಮಾರ್ಚ್ ೯, ಬೆಳಿಗ್ಗೆ ೬.೩೦

ಮತ್ತೆ ಹೆಲ್ಮೆಟ್. ಮತ್ತೆ ಒಂದು ಸೈಜ್ ದೊಡ್ಡದಾದ ಬೂಟು. ಈ ದೇಶಕ್ಕೆ ಬಂದು ನಾಲ್ಕು ದಿನ; ನೋಡಿದ್ದು ಹೋಟೆಲಿನ ಗೋಡೆ, ಕಾರಿನ ಕಿಟಕಿ, ಅರ್ಧ ಎದ್ದ ಕಟ್ಟಡ. ಕೆಲಸ ಒಂದೇ. ಮೂರನೇ ಮಹಡಿಯ ಸ್ಲ್ಯಾಬ್ ಗಟ್ಟಿಯಾಗಿದೆ ಎಂದು ಸಹಿ ಹಾಕುವುದು. ಹಾಕಿದರೆ ಅದನ್ನು ಕೆಳಗಿನಿಂದ ಹೊತ್ತು ನಿಂತಿರುವ ಕಬ್ಬಿಣದ ಜಾಕಿಗಳನ್ನು ಬಿಚ್ಚುತ್ತಾರೆ.

ಮಧ್ಯಾಹ್ನ ನಲವತ್ತು ಜನ ಉಂಡು ಮಲಗುವುದೂ ಅದರ ಕೆಳಗೇ. ಕೆಳಗಿನ ಮಹಡಿಗಳ ತುಂಬ ಸಿಮೆಂಟು, ಕಬ್ಬಿಣ; ಸೈಟಿನಲ್ಲಿ ಬೇರೆಲ್ಲೂ ನೆರಳಿಲ್ಲ.

ಅದೇ ದಿನ, ಸಂಜೆ

ಸ್ಲ್ಯಾಬಿಗೆ ಸುರಿದ ಕಾಂಕ್ರೀಟಿನಿಂದಲೇ ಮಾದರಿಗೆಂದು ತುಂಬಿಟ್ಟದ್ದು ಎನ್ನುವ ಕ್ಯೂಬುಗಳು. ಯಂತ್ರಕ್ಕಿಟ್ಟು ಒಡೆದೆವು. ಒಂಬತ್ತಕ್ಕೆ ಒಂಬತ್ತೂ ಪಾಸು. ಅಷ್ಟು ಚೆಂದವಾಗಿ ಯಾವುದೂ ಪಾಸಾಗುವುದಿಲ್ಲ... ಏಣಿ ಹತ್ತಿ ಸ್ಲ್ಯಾಬಿನ ತಳಕ್ಕೆ ಬೆರಳು ಒತ್ತಿದೆ. ಜಲ್ಲಿ ಉದುರಿತು.

ಮೇಸ್ತ್ರಿ ನಮ್ಮ ಭಾಷೆಯವನು. ಮುಚ್ಚುಮರೆಯೇ ಇಲ್ಲ.

“ತಂಗೀನ ತೋರ್ಸಿ ಅಕ್ಕನ್ನ ಧಾರೆ ಎರೆಯೋದು ಹೊಸದಾ ಅಕ್ಕಾ? ಕ್ಯೂಬಿಗೆ ಬೇರೆ ಕಲಸ್ತೀವಿ. ಸ್ಲ್ಯಾಬ್ ಹಾಕೋ ದಿನ ಕಾಂಕ್ರೀಟ್ ಪಂಪ್ ಕಟ್ಕೊಳ್ತು, ಪೈಪ್ ಹಿಡಿದು ಕಲಸಿದ್ದಕ್ಕೆ ನೀರು ಬಿಟ್ರು.”

“ಅದರ ಕೆಳಗೇ ಮಲಗ್ತೀರಲ್ರೀ!”

“ಜಾಸ್ತಿ ನೀರಾದ್ರೆ ಏನಾಗತ್ತೆ ಅಂತ ಓದಿರೋರು ನೀವು ಹೇಳ್ಬೇಕು.”

ಏಣಿಯನ್ನು ಗೋಡೆಗೆ ಒರಗಿಸಿ ಕಾರಿನ ಕಡೆ ನಡೆದೆ.

ಮಾರ್ಚ್ ೧೦

ತಮ್ಮನಿಗೆ ಫೋನ್. ಅಪ್ಪ ಕಟ್ಟಿದ, ನಾನೂ ಕೆಲಸ ಮಾಡುವ ತಪಾಸಣೆ ಆಫೀಸು ಈಗ ಅವನ ಕೈಯಲ್ಲಿ.

“ಕವಿತೆ ಓದೋರಿಗೆ ಎಲ್ಲದರಲ್ಲೂ ಬಿರುಕೇ ಕಾಣತ್ತೆ. ಯಂತ್ರ ಪಾಸು ಅಂದ್ಮೇಲೆ ನಿಂದೇನಕ್ಕ? ಈ ಕೆಲಸ ಕೈಬಿಟ್ರೆ ಆಫೀಸಿಗೆ ಬೀಗ ಹಾಕಿ, ಅಪ್ಪನ ಫೋಟೋ ಕಂಕುಳಲ್ಲಿ ಇಟ್ಕೊಂಡು ಮನೆಗೆ ಬರ್ತೀನಿ. ಹಾರ ನೀನೇ ಹಾಕು.”

ಪುಸ್ತಕ ತೆರೆದೆ. ಬಾಯಿಪಾಠವಿದ್ದ ಪದ್ಯ. ಒಂದು ಸಾಲೂ ಒಳಗೆ ಇಳಿಯಲಿಲ್ಲ.

ಮಾರ್ಚ್ ೧೧

ಸಹಿ ಹಾಕಿದೆ.

ಮೊದಲ ಪುಟದಲ್ಲಿ: ಕ್ಯೂಬುಗಳು ಪಾಸು, ನನ್ನ ಸಹಿ. ಎರಡನೇ ಪುಟದಲ್ಲಿ: ಸ್ಲ್ಯಾಬನ್ನೇ ಕೊರೆದು ಪರೀಕ್ಷಿಸುವವರೆಗೆ ಒಂದು ಜಾಕಿಯನ್ನೂ ಮುಟ್ಟಬಾರದು. ತಮ್ಮನಿಗೆ ಕಳಿಸಿದೆ. ಅವನು ಇಲ್ಲಿಯ ಕಂಪನಿಗೆ ಕಳಿಸುತ್ತಾನೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಮಾರ್ಚ್ ೧೪, ಮಧ್ಯಾಹ್ನ ೧೨

ಹೊರಡುವ ದಿನ. ಬೂಟು, ಹೆಲ್ಮೆಟ್ ವಾಪಸ್ ಕೊಡಲು ಸೈಟಿಗೆ ಬಂದರೆ — ಜಾಕಿಗಳು ಲಾರಿಯಲ್ಲಿ. ಸಾಲಾಗಿ, ಕಟ್ಟಿಗೆ ಹೊರೆಯ ಹಾಗೆ. ಮೂರನೇ ಮಹಡಿ ತನ್ನಷ್ಟಕ್ಕೆ ನಿಂತಿದೆ.

ಅಲ್ಲೇ ನಿಂತು ತಮ್ಮನಿಗೆ ಫೋನ್ ಮಾಡಿದೆ.

“ಎರಡನೇ ಪುಟ ಕಳಿಸಲಿಲ್ವೇನೋ?”

“ನಮ್ಮಾಫೀಸಿಂದ ಯಾವತ್ತು ಹೋಗಿದೆ ಎರಡನೇ ಪುಟ? ಅದು ಫೈಲಿಗೆ. ಅಪ್ಪನ ಕಾಲದಿಂದ್ಲೂ ಹಂಗೇ. ನಿಂಗೆ ಗೊತ್ತಿಲ್ವಾ?”

ಗೊತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಗೊತ್ತಿತ್ತು. ಗೊತ್ತಿದ್ದೇ ಅಲ್ಲಿ ಬರೆದೆ.

೧.೧೦, ಕಾರಿನಲ್ಲಿ

ಊಟ ಮುಗಿಸಿ ಎಲ್ಲರೂ ಒರಗಿದ್ದರು. ಆ ಸ್ಲ್ಯಾಬಿನ ಕೆಳಗೇ. ಜಾಕಿಗಳು ಹೋಗಿ ಜಾಗ ವಿಶಾಲವಾಗಿತ್ತು.

“ಮೇಸ್ತ್ರಿ, ಇಲ್ಲಿ ಮಲಗಬೇಡಿ. ಎಲ್ಲರನ್ನೂ ಎಬ್ಬಿಸಿ.”

“ಯಾಕಕ್ಕಾ? ನಿಮ್ಮ ಸಹಿ ಬಂತಲ್ಲ, ಇವತ್ತೇ ನಾವು ಧೈರ್ಯವಾಗಿ ಕಾಲು ಚಾಚಿರೋದು.”

ಒಂದೇ ಮಾತು ಹೇಳಬೇಕಿತ್ತು.

“ಅಲ್ಲ... ಧೂಳು ಬೀಳತ್ತೆ, ಅದಕ್ಕೆ.”

ನಕ್ಕ. “ಧೂಳು ನಮಗೆ ನೆಂಟ ಕಣಕ್ಕಾ. ಹೋಗ್ಬನ್ನಿ, ಹುಷಾರು.” ಟವೆಲ್ಲನ್ನು ಮುಖದ ಮೇಲೆ ಎಳೆದುಕೊಂಡ.

ಕಾರು ಗೇಟು ದಾಟಿತು. ಎರಡನೇ ಸಿಗ್ನಲ್ಲೂ ದಾಟಿತು. ವಿಮಾನಕ್ಕೆ ಇನ್ನೂ ಮೂರು ಗಂಟೆ ಇದೆ. ಡ್ರೈವರಿಗೆ ತಿರುಗಿಸು ಎಂದರೆ ತಿರುಗಿಸುತ್ತಾನೆ. ಈಗಲಾದರೂ —